ಟ್ರ್ಯಾಕ್ಟರಿಗೆ ನಿಖರ ಜಿಪಿಎಸ್: ಮೊದಲು ಕಂಬ, ಆಮೇಲೆ ಡಬ್ಬಿ

ಮಳೆಯಾಶ್ರಿತ ರಾಗಿಗೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಅಂದರೆ ಒಂದಡಿ. ಎಂಟು ಸಾಲು ರಾಗಿ ಆದಮೇಲೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಅಕ್ಕಡಿ ಸಾಲಿನ ಈ ಲೆಕ್ಕವನ್ನು ನಮ್ಮ ಹಿರಿಯರು ಕೂರಿಗೆ ಹಿಡಿದು ಎತ್ತಿನ ಹಿಂದೆ ನಡೆಯುತ್ತಲೇ ಕಾಯುತ್ತಿದ್ದರು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಅದಕ್ಕೊಂದು ಜಿಪಿಎಸ್ ಡಬ್ಬಿ ಕಟ್ಟಿದರೆ ಸಾಲು ತಾನೇ ನೆಟ್ಟಗಾಗುತ್ತದೆ ಎಂದು ನಂಬಿ ಹಣ ಹಾಕಿದವರನ್ನು ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ನೋಡುತ್ತಿದ್ದೇನೆ. ನಮ್ಮ ಜೇಬಿನ ಫೋನು ತೆರೆದ ಬಯಲಲ್ಲಿ ನಿಂತಾಗಲೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ಐದು ಮೀಟರ್ ಅಂದರೆ ಹದಿನಾರು ಸಾಲು ರಾಗಿ! ಅಲ್ಲಿಂದ ಒಂದಡಿಯೊಳಗಿನ ನಿಖರತೆಗೆ ಬರಲು ದಾರಿಯಿದೆ. ಆದರೆ ಆ ದಾರಿ ಟ್ರ್ಯಾಕ್ಟರಿನಿಂದ ಶುರುವಾಗುವುದಿಲ್ಲ.

ಇದು ನನಗೆ ಗೊತ್ತಾದದ್ದು ರಾಜಾನುಕುಂಟೆಯಾಚೆ ನಮ್ಮ ಚಿಕ್ಕಪ್ಪನ ಹೊಲದಲ್ಲಿ. ಅವರು ಸುತ್ತಮುತ್ತ ಬಾಡಿಗೆ ಉಳುಮೆ, ಬಿತ್ತನೆ ಮಾಡುವವರು. ದಾರಿ ತೋರಿಸುವ ಪರದೆ, ಎರಡು ಆಂಟೆನಾ ಇರುವ ಸೆಟ್ಟು ತಂದು ಒಂದು ದಿನ ಚೆನ್ನಾಗಿಯೇ ಬಿತ್ತಿದರು. ಮರುದಿನ ಬೆಳಗ್ಗೆ ನನಗೆ ಫೋನು ಮಾಡಿ, "ನಿನ್ನೆ ಹಾಕಿದ ಗೆರೆ ಇವತ್ತು ಬದುವಿನ ಮೇಲೆ ಹೋಗಿ ಕೂತಿದೆ ಕಣೋ, ಇದೇನು ನೋಡು ಬಾ" ಎಂದರು. ಹೋಗಿ ನೋಡಿದರೆ ಯಂತ್ರದಲ್ಲಿ ದೋಷವೇ ಇರಲಿಲ್ಲ. ಒಂದು ಆಂಟೆನಾವನ್ನು ಮುಕ್ಕಾಲಿಯ ಮೇಲಿಟ್ಟು ದಿನಾ ಬೆಳಗ್ಗೆ ಹೊಲದ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಅದು ಎರಡು ನಿಮಿಷ ಆಕಾಶ ನೋಡಿ, 'ನಾನು ಇಲ್ಲಿದ್ದೇನೆ' ಎಂದು ತನ್ನ ಸ್ಥಾನವನ್ನು ತಾನೇ ಅಂದಾಜು ಮಾಡಿಕೊಳ್ಳುತ್ತಿತ್ತು. ನಿನ್ನೆಯ ಅಂದಾಜಿಗೂ ಇವತ್ತಿನ ಅಂದಾಜಿಗೂ ಒಂದೂವರೆ ಮೀಟರ್ ವ್ಯತ್ಯಾಸ. ಟ್ರ್ಯಾಕ್ಟರಿನ ಮೇಲಿನ ಡಬ್ಬಿ ಆ ಅಂದಾಜನ್ನೇ ಸತ್ಯವೆಂದು ನಂಬಿ, ಸೆಂಟಿಮೀಟರ್ ತಪ್ಪದಂತೆ ತಪ್ಪು ಜಾಗದಲ್ಲಿ ಓಡುತ್ತಿತ್ತು.

ನಿಖರತೆ ಹುಟ್ಟುವುದು ನೆಲದ ಮೇಲೆ ಅಲುಗದೆ ನಿಂತ, ತನ್ನ ಜಾಗ ಖಚಿತವಾಗಿ ಗೊತ್ತಿರುವ ಒಂದು ಕಂಬದಿಂದ. ಕಂಬ ಸರಿಯಿದ್ದರೆ ಸಾಧಾರಣ ಡಬ್ಬಿಯೂ ಕೆಲಸ ಮಾಡುತ್ತದೆ. ಕಂಬ ತಪ್ಪಿದ್ದರೆ ಎಷ್ಟು ಬೆಲೆಯ ಡಬ್ಬಿ ತಂದರೂ ಫಲವಿಲ್ಲ.

ಯಾವ ಕೆಲಸಕ್ಕೆ ಎಷ್ಟು ನಿಖರತೆ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಎಲ್ಲ ಕೆಲಸಕ್ಕೂ ಎರಡು ಸೆಂಟಿಮೀಟರ್ ಬೇಕಿಲ್ಲ. ಗೊಬ್ಬರ ಎರಚಲು, ಕಳೆನಾಶಕ ಸಿಂಪಡಿಸಲು, ಎಷ್ಟು ಎಕರೆ ಉತ್ತಾಯಿತು ಎಂದು ಬಾಡಿಗೆ ಲೆಕ್ಕ ಹಾಕಲು ಒಂದು ಮೀಟರಿನೊಳಗಿನ ಅಂದಾಜು ಸಾಕು. ಅದಕ್ಕೆ ನಮ್ಮಲ್ಲಿ ಒಂದು ಪೈಸೆ ಖರ್ಚಿಲ್ಲದ ಸೌಲಭ್ಯವಿದೆ. ಅದು ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಗಳಿಗೆಂದು ಕಟ್ಟಿದ ಈ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ದೇಶದುದ್ದಕ್ಕೂ ಇರುವ ಕೇಂದ್ರಗಳು ಜಿಪಿಎಸ್ ಸಂಕೇತದ ದೋಷವನ್ನು ಅಳೆಯುತ್ತವೆ. ಆ ತಿದ್ದುಪಡಿ ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಉಪಗ್ರಹಗಳಿಂದ ಕೆಳಗಿಳಿಯುತ್ತದೆ. ಜಿಸ್ಯಾಟ್-10 ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಮರ, ಕಟ್ಟಡ ಅದನ್ನು ಮರೆಮಾಡುವುದು ಅಪರೂಪ.

ಆದರೆ ಹೊರದೇಶದಿಂದ ಬಂದ ಹಲವು ರಿಸೀವರುಗಳಲ್ಲಿ ಅಮೆರಿಕದ ಅಥವಾ ಯುರೋಪಿನ ತಿದ್ದುಪಡಿ ಉಪಗ್ರಹಗಳನ್ನು ಹುಡುಕುವಂತೆ ಹೊಂದಿಸಿರುತ್ತಾರೆ. ಸೆಟ್ಟಿಂಗಿನಲ್ಲಿ 'ಎಸ್‌ಬಿಎಎಸ್' ಎಂಬಲ್ಲಿಗೆ ಹೋಗಿ 127, 128, 132 ಎಂಬ ಮೂರು ಸಂಖ್ಯೆಗಳನ್ನು ಆರಿಸಿ. ಗಗನ್ ಉಪಗ್ರಹಗಳ ಸಂಖ್ಯೆ ಅವೇ. ಇಷ್ಟು ಮಾಡಿದರೆ ಹತ್ತಿಪ್ಪತ್ತು ನಿಮಿಷದೊಳಗಿನ ಪಕ್ಕಪಕ್ಕದ ಓಟಗಳಿಗೆ ಒಂದಡಿ ಆಸುಪಾಸಿನ ಹೊಂದಾಣಿಕೆ ಸಿಗುತ್ತದೆ. ಮರುದಿನ ಅದೇ ಗೆರೆಗೆ ಹಿಂತಿರುಗಲು ಮಾತ್ರ ಇದನ್ನು ನೆಚ್ಚಬೇಡಿ.

ಬಿತ್ತನೆ, ಸಾಲಿನ ನಡುವೆ ಕುಂಟೆ ಹೊಡೆಯುವುದು, ಡ್ರಿಪ್ ಪೈಪಿನ ಸಾಲು, ಮಲ್ಚಿಂಗ್ ಶೀಟಿನ ಮಡಿ, ದ್ರಾಕ್ಷಿ ಚಪ್ಪರದ ಕಲ್ಲುಕಂಬದ ಗುರುತು, ಇವಕ್ಕೆಲ್ಲ ಆರ್‌ಟಿಕೆ ಬೇಕು. ನಿಂತಲ್ಲೇ ನಿಂತ ಬೇಸ್ ಒಂದು, ಟ್ರ್ಯಾಕ್ಟರಿನ ಮೇಲೆ ಓಡಾಡುವ ರೋವರ್ ಒಂದು. ಎರಡೂ ಒಂದೇ ಉಪಗ್ರಹಗಳನ್ನು ಒಂದೇ ಕ್ಷಣದಲ್ಲಿ ನೋಡುತ್ತವೆ. ಬೇಸ್ ತಾನು ಕಂಡದ್ದನ್ನು ಕ್ಷಣಕ್ಷಣವೂ ರೋವರಿಗೆ ಕಳಿಸುತ್ತದೆ. ಇಬ್ಬರಿಗೂ ಸಮಾನವಾಗಿರುವ ದೋಷ ಕಳೆದುಹೋಗಿ ಒಂದೆರಡು ಸೆಂಟಿಮೀಟರಿನಷ್ಟು ಮಾತ್ರ ಉಳಿಯುತ್ತದೆ. ಬೇಸಿನಿಂದ ದೂರ ಹೋದಂತೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಮಿಲಿಮೀಟರ್ ಸೇರುತ್ತದೆ. ಹತ್ತು ಕಿಲೋಮೀಟರಿನವರೆಗೆ ನೆಮ್ಮದಿ, ಇಪ್ಪತ್ತರಾಚೆ ಒಂದೇ ಬೇಸನ್ನು ನಂಬುವುದು ಕಷ್ಟ.

ಇದರಿಂದ ಉಳಿತಾಯ ಎಷ್ಟು? ಎರಡು ಮೀಟರ್ ಅಗಲದ ಕಲ್ಟಿವೇಟರ್ ಒಂದು ಎಕರೆಯ ಚೌಕದಲ್ಲಿ 32 ಓಟ ಓಡಬೇಕು. ಪ್ರತಿ ಓಟವೂ ಹಿಂದಿನದರ ಮೇಲೆ 20 ಸೆಂಟಿಮೀಟರ್ ಏರಿದರೆ ಅದು 36 ಆಗುತ್ತದೆ. ಎಕರೆಗೆ ನಾಲ್ಕು ಓಟದ ಡೀಸೆಲು. ಎರಡು ಎಕರೆ ಇರುವವರು ಇದಕ್ಕಾಗಿ ತಾವೊಬ್ಬರೇ ಆರ್‌ಟಿಕೆ ಕೊಳ್ಳುವುದು ಬೇಡ ಎಂದೇ ನನ್ನ ಸಲಹೆ. ವರ್ಷಕ್ಕೆ ನೂರಾರು ಎಕರೆ ಉಳುವ ಬಾಡಿಗೆಯವರು, ಕೃಷಿ ಯಂತ್ರಧಾರೆ ಕೇಂದ್ರಗಳು, ರೈತ ಉತ್ಪಾದಕ ಸಂಘಗಳು, ಬೀಜೋತ್ಪಾದನೆಯವರು, ಹುಲ್ಲುಹಾಸು ಬೆಳೆಯುವವರು ಖಂಡಿತ ಯೋಚಿಸಬೇಕು.

ಕಂಬ ಎಲ್ಲಿ, ಹೇಗೆ

ಬೇಸಿನ ಆಂಟೆನಾಕ್ಕೆ ಬೇಕಾದದ್ದು ಆಕಾಶ. ದಿಗಂತದಿಂದ ಹದಿನೈದು ಡಿಗ್ರಿ ಮೇಲಕ್ಕೆ ಎಲ್ಲ ದಿಕ್ಕಿಗೂ ತೆರೆದಿರಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಎತ್ತರ ಸುಮಾರು ಹತ್ತು ಡಿಗ್ರಿ. ಒಂದೂವರೆ ಮುಷ್ಟಿಗಿಂತ ಎತ್ತರಕ್ಕೆ ಏನೂ ಅಡ್ಡ ಬರಬಾರದು. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಒಳಗೆ ಇಂಥ ಜಾಗ ಸಿಗುವುದು ಕಷ್ಟ. ಯಲಹಂಕ ದಾಟಿದ ಮೇಲೂ ಎಲ್ಲೆಡೆ ಅಪಾರ್ಟ್‌ಮೆಂಟ್ ಎದ್ದಿವೆ. ಗಾಜಿನ ಮುಖದ ಕಟ್ಟಡ, ತಗಡಿನ ಶೆಡ್ಡು, ಸೋಲಾರ್ ಹೀಟರ್ ಇವೆಲ್ಲ ಉಪಗ್ರಹದ ಸಂಕೇತವನ್ನು ಕನ್ನಡಿಯಂತೆ ತಿರುಗಿಸಿ ಕಳಿಸುತ್ತವೆ. ನೇರ ಬಂದದ್ದೂ ತಿರುಗಿ ಬಂದದ್ದೂ ಬೆರೆತರೆ ಆಂಟೆನಾ ಮೋಸ ಹೋಗುತ್ತದೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಆಂಟೆನಾ ಕಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಟ್ಯಾಂಕಿಗಿಂತ ಒಂದು ಮೀಟರಾದರೂ ಎತ್ತರಕ್ಕೆ ಏರಿಸಿ, ಇಲ್ಲವೇ ತಾರಸಿಯ ಇನ್ನೊಂದು ತುದಿಗೆ ಹೋಗಿ. ಮೊಬೈಲ್ ಟವರ್ ಇರುವ ತಾರಸಿ ಬೇಡ.

ಒಂದೂವರೆ ಅಥವಾ ಎರಡು ಇಂಚಿನ ಜಿಐ ಪೈಪನ್ನು ಕಟ್ಟಡದ ಪಿಲ್ಲರಿನ ನೇರಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ. ಪ್ಯಾರಾಪೆಟ್ ಗೋಡೆಗೆ ತಂತಿ ಸುತ್ತಿ ನಿಲ್ಲಿಸಿದ್ದು ಗಾಳಿಗೆ ಅಲುಗುತ್ತದೆ. ಬಿದಿರು, ಸರ್ವೆ ಮರ ಬಿಸಿಲು ಮಳೆಗೆ ಬಾಗುತ್ತವೆ. ಕಟ್ಟಡ ಸಿಗದಿದ್ದರೆ ಹೊಲದ ಗಟ್ಟಿ ನೆಲದಲ್ಲಿ ಮೂರು ಅಡಿ ತೋಡಿ ಕಾಂಕ್ರೀಟ್ ಹಾಕಿ. ಆಂಟೆನಾದ ಕೆಳಗೆ ಅಂಗೈ ಅಗಲದ ಲೋಹದ ತಟ್ಟೆ ಇರಲಿ. ಅದು ಕೆಳಗಿನಿಂದ ಪುಟಿದು ಬರುವ ಸಂಕೇತವನ್ನು ತಡೆಯುತ್ತದೆ. ಕೇಬಲ್ ಹತ್ತು ಹದಿನೈದು ಮೀಟರ್ ಮೀರದಿರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮಗೆ ಗೊತ್ತಿದ್ದದ್ದೇ. ಸಿಡಿಲು ತಡೆಯುವ ಅರೆಸ್ಟರ್ ಹಾಕಿ, ಪೈಪಿಗೆ ಅರ್ತಿಂಗ್ ಕೊಡಿಸಿ. ಕರೆಂಟು ಹೋದಾಗ ಬೇಸ್ ನಿಂತರೆ ಹೊಲದಲ್ಲಿ ಟ್ರ್ಯಾಕ್ಟರೂ ನಿಲ್ಲುತ್ತದೆ, ಆದ್ದರಿಂದ ಒಂದು 12 ವೋಲ್ಟಿನ ಬ್ಯಾಟರಿ ಜೊತೆಗಿರಲಿ.

ಇನ್ನು ಕಂಬಕ್ಕೆ ತನ್ನ ಜಾಗವನ್ನು ಕಲಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ರಿಸೀವರಿನಲ್ಲಿ 'ಸರ್ವೆ-ಇನ್' ಎಂಬ ಆಯ್ಕೆ ಇರುತ್ತದೆ. ಚಾಲೂ ಮಾಡಿದಾಗಲೆಲ್ಲ ಹೊಸದಾಗಿ ಸ್ಥಾನ ಅಂದಾಜು ಮಾಡುವುದು ಇದೇ. ಚಿಕ್ಕಪ್ಪನ ಗೆರೆ ಬದುವಿಗೆ ಹತ್ತಿದ್ದು ಇದರಿಂದ. ಇದನ್ನು ಬಿಟ್ಟು 'ಫಿಕ್ಸ್‌ಡ್' ಆರಿಸಿ, ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಕೈಯಾರೆ ತುಂಬಬೇಕು.

ಆ ಮೂರು ಅಂಕಿ ಎಲ್ಲಿಂದ ತರುವುದು? ಕಂಬ ನಿಂತ ಮೇಲೆ 24 ಗಂಟೆ ರಿಸೀವರಿನ ಕಚ್ಚಾ ಮಾಹಿತಿಯನ್ನು ಬರೆದಿಟ್ಟುಕೊಳ್ಳಿ. ಅದನ್ನು 'ರೈನೆಕ್ಸ್' ಎಂಬ ಕಡತಕ್ಕೆ ಬದಲಿಸಿ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಅಥವಾ ಆಸ್ಟ್ರೇಲಿಯಾ ಸರ್ಕಾರದ ಆಸ್‌ಪೋಸ್ ಸೇವೆಗೆ ಕಳಿಸಿದರೆ ಲೆಕ್ಕ ಹಾಕಿದ ಸ್ಥಾನ ಇಮೇಲಿಗೆ ಬರುತ್ತದೆ. ಎರಡೂ ಉಚಿತ. ಅಳತೆ ಮಾಡಿದ ಎರಡು ಮೂರು ವಾರದ ಮೇಲೆ ಕಳಿಸಿದರೆ ಉಪಗ್ರಹಗಳ ಅಂತಿಮ ಕಕ್ಷಾ ಮಾಹಿತಿ ಸಿದ್ಧವಾಗಿರುವುದರಿಂದ ಉತ್ತರ ಇನ್ನೂ ಗಟ್ಟಿ.

ಉತ್ತರ ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಉಪಗ್ರಹಗಳಿಂದ ಸ್ಥಾನ ಅಳೆಯುವ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ ಜಾಲಕ್ಕೆ ಸೇರಿದ ಒಂದು ಕೇಂದ್ರವಿದೆ. 'ಐಐಎಸ್‌ಸಿ' ಎಂಬುದೇ ಅದರ ಹೆಸರು. ಅದರ ದಿನದಿನದ ಮಾಹಿತಿ ಜಗತ್ತಿಗೆಲ್ಲ ಮುಕ್ತ. ಯಲಹಂಕದಿಂದ ಅದು ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೆ. ನಿಮ್ಮ ಕಂಬದ 24 ಗಂಟೆಯ ಕಡತವನ್ನು ಅದೇ ದಿನದ ಆ ಕೇಂದ್ರದ ಕಡತದೊಂದಿಗೆ 'ಆರ್‌ಟಿಕೆಲಿಬ್' ಎಂಬ ಉಚಿತ ತಂತ್ರಾಂಶದಲ್ಲಿ ಹೋಲಿಸಿದರೆ ಎರಡನೇ ಉತ್ತರ ಸಿಗುತ್ತದೆ. ಎರಡು ಉತ್ತರಗಳೂ ಒಂದೇ ದಿನಾಂಕದ ಲೆಕ್ಕದಲ್ಲಿದ್ದು ಎರಡು ಮೂರು ಸೆಂಟಿಮೀಟರಿನೊಳಗೆ ಕೂಡಿದರೆ ಕಂಬ ಪಾಸು.

ಇದೇ ಕೇಂದ್ರದ ವರ್ಷಾನುಗಟ್ಟಲೆಯ ಅಳತೆಯಿಂದ ಬೆಂಗಳೂರು ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ ಎಂದು ತಿಳಿದುಬಂದಿದೆ. ಹಿಮಾಲಯವನ್ನು ಎತ್ತುತ್ತಿರುವ ಆ ಭೂಫಲಕದ ಮೇಲೆ ನಮ್ಮ ಹೊಲವೂ ಕೂತಿದೆ. ರೈತನಿಗೆ ಇದರಿಂದ ಆಗಬೇಕಾದ್ದೇನು? ನಿಮ್ಮ ಕಂಬಕ್ಕೆ ಒಮ್ಮೆ ಕೊಟ್ಟ ಅಂಕಿಯನ್ನು ಮತ್ತೆ ಬದಲಿಸಬೇಡಿ. ಕಂಬ, ಹೊಲ, ಸಾಲು ಎಲ್ಲವೂ ಒಟ್ಟಿಗೇ ಸರಿಯುವುದರಿಂದ ಹಳೆಯ ಗೆರೆ ಹಳೆಯ ಸಾಲಿನ ಮೇಲೇ ಇರುತ್ತದೆ. ಆರು ವರ್ಷದ ಮೇಲೆ ಹೊಸದಾಗಿ ಅಳೆದು ಹೊಸ ಅಂಕಿ ತುಂಬಿದಿರೋ, ಒಂದಡಿ ಜರುಗಿ ಡ್ರಿಪ್ ಪೈಪಿನ ಮೇಲೇ ನೇಗಿಲು ಇಳಿದೀತು.

ಕಂಬ ನೆಡಲು ಜಾಗವೇ ಇಲ್ಲದವರು ಸರ್ವೆ ಆಫ್ ಇಂಡಿಯಾದ ಕೋರ್ಸ್ ಜಾಲವನ್ನು ನೋಡಬಹುದು. 1767ರಲ್ಲಿ ಹುಟ್ಟಿದ ಈ ಇಲಾಖೆ ದೇಶದ ಉದ್ದಗಲಕ್ಕೂ ಸದಾ ಚಾಲೂ ಇರುವ ಬೇಸ್ ಕೇಂದ್ರಗಳನ್ನು ನಿಲ್ಲಿಸಿದೆ, ಕರ್ನಾಟಕದಲ್ಲೂ ಇವೆ. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಲಾಗಿನ್ ಪಡೆದರೆ ಮೊಬೈಲ್ ಇಂಟರ್‌ನೆಟ್ ಮೂಲಕ ತಿದ್ದುಪಡಿ ಬರುತ್ತದೆ. ಒಂದೇ ಎಚ್ಚರಿಕೆ: ಒಂದು ಹೊಲಕ್ಕೆ ಒಂದೇ ಮೂಲ. ಬಿತ್ತುವಾಗ ಕೋರ್ಸ್, ಕುಂಟೆ ಹೊಡೆಯುವಾಗ ಸ್ವಂತ ಕಂಬ ಎಂದು ಬೆರೆಸಿದರೆ ಎರಡರ ಲೆಕ್ಕ ಕೂಡದೆ ಪೈರಿನ ಮೇಲೇ ಹಾಯುತ್ತೀರಿ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಇದೇ ಬೆಂಗಳೂರಿನ ನೆಲದ ಮೇಲೆ ಉಕ್ಕಿನ ಸರಪಳಿ ಎಳೆದು ಏಳು ಮೈಲಿಗೂ ಉದ್ದದ ಆಧಾರರೇಖೆ ಅಳೆದಿದ್ದ. ಎರಡು ವರ್ಷದ ಮೇಲೆ ಮದರಾಸಿನಿಂದ ಶುರುವಾಗಿ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಮುನ್ನುಡಿ. ಮೊದಲ ಗೆರೆ ತಪ್ಪಿದರೆ ಮುಂದಿನ ಸಾವಿರ ಮೈಲಿಯೂ ತಪ್ಪೆಂದು ಅವನಿಗೆ ಗೊತ್ತಿತ್ತು. ನಮ್ಮ ಕಂಬದ ಲೆಕ್ಕವೂ ಅದೇ.

ಕಂಬದಿಂದ ಟ್ರ್ಯಾಕ್ಟರಿಗೆ

ತಿದ್ದುಪಡಿ ತಲುಪಿಸಲು ಎರಡು ದಾರಿ, ರೇಡಿಯೋ ಅಥವಾ ಇಂಟರ್‌ನೆಟ್. ನಮ್ಮ ಕಡೆ ಮೊಬೈಲ್ ಸಿಗ್ನಲ್ ಹೆಚ್ಚುಕಡಿಮೆ ಎಲ್ಲ ಕಡೆ ಇರುವುದರಿಂದ ಇಂಟರ್‌ನೆಟ್ ಸುಲಭ. 'ಎನ್‌ಟ್ರಿಪ್' ಎಂಬ ವಿಧಾನದಲ್ಲಿ ಬೇಸಿನ ಮಾಹಿತಿ ಒಂದು ಸರ್ವರಿಗೆ ಹೋಗಿ ಅಲ್ಲಿಂದ ರೋವರಿಗೆ ಇಳಿಯುತ್ತದೆ. ಗಂಟೆಗೆ ಎರಡು ಮೂರು ಎಂಬಿ ಡೇಟಾ, ಅಷ್ಟೆ. ಹೆಸರಘಟ್ಟದ ಕೆರೆಯಂಗಳದ ಕೆಳಗಿನಂಥ ತಗ್ಗಿನಲ್ಲಿ ಸಿಗ್ನಲ್ ಕೈಕೊಟ್ಟರೆ ರೇಡಿಯೋ ಬೇಕಾಗುತ್ತದೆ. ಹೊರದೇಶದ ಕಿಟ್ಟುಗಳಲ್ಲಿ 915 ಮೆಗಾಹರ್ಟ್ಸ್ ರೇಡಿಯೋ ಇರುವುದು ಸಾಮಾನ್ಯ. ಭಾರತದಲ್ಲಿ ಅದು ಲೈಸೆನ್ಸ್ ಇಲ್ಲದೆ ಬಳಸುವ ತರಂಗವಲ್ಲ. ಇಲ್ಲಿ ಮುಕ್ತವಾಗಿರುವುದು 865ರಿಂದ 868 ಮೆಗಾಹರ್ಟ್ಸ್. ಕೊಳ್ಳುವ ಮುಂಚೆ ಅಂಗಡಿಯವರನ್ನು ಇದೊಂದು ಕೇಳಿಯೇ ಕೇಳಿ. ವಿಮಾನ ನಿಲ್ದಾಣ, ಜಕ್ಕೂರು ಏರೋಡ್ರೋಮ್, ಯಲಹಂಕ ವಾಯುನೆಲೆ ಮೂರೂ ಇರುವ ನಮ್ಮ ಸೀಮೆಯಲ್ಲಿ ತಪ್ಪು ತರಂಗ ಹಾಕುವುದು ಆಟದ ಮಾತಲ್ಲ.

ಕೊಳ್ಳುವಾಗ ಇನ್ನೊಂದು ಮಾತು. ಎರಡು ತರಂಗಾಂತರ ಹಿಡಿಯುವ ರಿಸೀವರನ್ನೇ ಕೊಳ್ಳಿ. ಒಂದೇ ತರಂಗಾಂತರದ ಅಗ್ಗದ್ದು ಮರದಡಿ ಒಮ್ಮೆ ಕಳೆದುಹೋದರೆ ಚೇತರಿಸಲು ಬಹಳ ಹೊತ್ತು ಬೇಕು. ಎಲ್1-ಎಲ್2 ಜೋಡಿ, ಎಲ್1-ಎಲ್5 ಜೋಡಿ ಎಂದು ಎರಡು ಬಗೆಯಿವೆ. ಬೇಸೂ ರೋವರೂ ಒಂದೇ ಜೋಡಿಯವಾಗಿರಬೇಕು, ಇಲ್ಲದಿದ್ದರೆ ಇಬ್ಬರಿಗೂ ಸಮಾನವಾಗಿ ಉಳಿಯುವುದು ಎಲ್1 ಮಾತ್ರ. ನಮ್ಮ ನಾವಿಕ್ ಉಪಗ್ರಹಗಳು ಎಲ್5ರಲ್ಲಿ ಸಂಕೇತ ಕಳಿಸುತ್ತವೆ. ಅವು ಭಾರತಕ್ಕೆಂದೇ ಇರುವುದರಿಂದ ಆಕಾಶದಲ್ಲಿ ಎತ್ತರದಲ್ಲಿ ನಿಲ್ಲುತ್ತವೆ. ಹೊಸದಾಗಿ ಶುರುಮಾಡುವವರು ನಾವಿಕ್ ಹಿಡಿಯುವ ಎಲ್5 ರಿಸೀವರ್ ಆರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಟ್ರ್ಯಾಕ್ಟರಿನ ಮೇಲೆ

ಆಂಟೆನಾ ಟ್ರ್ಯಾಕ್ಟರಿನ ನಟ್ಟನಡುವೆ, ಮೇಲ್ಛಾವಣಿಯ ಎತ್ತರದ ಜಾಗದಲ್ಲಿ ಇರಲಿ. ಹುಡ್ಡಿನ ಬಟ್ಟೆಯ ಮೇಲೆ ಅಂಟಿಸಬೇಡಿ, ಚೌಕಟ್ಟಿಗೆ ಬೋಲ್ಟ್ ಹಾಕಿ. ಆಮೇಲೆ ಟೇಪು ಹಿಡಿದು ಮೂರು ಅಳತೆ ತೆಗೆಯಿರಿ: ನೆಲದಿಂದ ಆಂಟೆನಾದ ಎತ್ತರ, ಹಿಂದಿನ ಆಕ್ಸೆಲ್ಲಿನಿಂದ ಆಂಟೆನಾ ಎಷ್ಟು ಮುಂದಿದೆ, ಆಕ್ಸೆಲ್ಲಿನಿಂದ ಕೂರಿಗೆಯ ಬಾಯಿ ಎಷ್ಟು ಹಿಂದಿದೆ. ಅಂದಾಜು ಬೇಡ, ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ.

ಎತ್ತರದ ಅಳತೆ ಯಾಕೆಂದರೆ ಟ್ರ್ಯಾಕ್ಟರ್ ವಾಲುತ್ತದೆ. ಆಂಟೆನಾ 2.2 ಮೀಟರ್ ಎತ್ತರದಲ್ಲಿದ್ದು ಟ್ರ್ಯಾಕ್ಟರ್ ಬರೀ ಮೂರು ಡಿಗ್ರಿ ವಾಲಿದರೆ ಆಂಟೆನಾ ಪಕ್ಕಕ್ಕೆ ಹನ್ನೊಂದೂವರೆ ಸೆಂಟಿಮೀಟರ್ ಸರಿಯುತ್ತದೆ. ಒಂದು ಚಕ್ರ ನೇಗಿಲಸಾಲಿನಲ್ಲಿ, ಇನ್ನೊಂದು ಮೇಲೆ ಇದ್ದಾಗ ವಾಲುವುದು ಮೂರಕ್ಕಿಂತ ಹೆಚ್ಚು. ಎರಡು ಸೆಂಟಿಮೀಟರಿಗೆಂದು ಹಣ ಕೊಟ್ಟು ಹನ್ನೊಂದನ್ನು ಇಲ್ಲಿ ಕಳೆದುಕೊಳ್ಳಬಾರದು. ವಾಲುವಿಕೆ ಅಳೆಯುವ ಸೆನ್ಸರ್ ಇರುವ ಸೆಟ್ಟನ್ನೇ ಕೊಳ್ಳಿ. ಸಮತಟ್ಟಾದ ಸಿಮೆಂಟು ಕಣದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಅದಕ್ಕೆ ಸೊನ್ನೆ ಕಲಿಸಿ. ಆಮೇಲೆ ಟ್ರ್ಯಾಕ್ಟರನ್ನು ತಿರುಗಿಸಿ ಅದೇ ಚಕ್ರದ ಗುರುತಿನ ಮೇಲೆ ಎದುರು ಮುಖವಾಗಿ ನಿಲ್ಲಿಸಿ ಮತ್ತೆ ನೋಡಿ. ಎರಡೂ ಸಲ ಒಂದೇ ಅಂಕಿ, ಚಿಹ್ನೆ ಮಾತ್ರ ತಿರುಗಾಮುರುಗ ಇರಬೇಕು.

ರಿಸೀವರ್ ಸೆಕೆಂಡಿಗೆ ಒಂದು ಸಲ ಸ್ಥಾನ ಹೇಳಿದರೆ ಸಾಲದು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಟ್ರ್ಯಾಕ್ಟರ್ ಸೆಕೆಂಡಿಗೆ 1.4 ಮೀಟರ್ ಮುಂದೆ ಹೋಗಿರುತ್ತದೆ. ಸೆಕೆಂಡಿಗೆ ಹತ್ತು ಸಲ ಹೇಳುವಂತೆ ಹೊಂದಿಸಿ. ಸೀರಿಯಲ್ ಸಂಪರ್ಕದ ವೇಗವನ್ನೂ 115200ಕ್ಕೆ ಏರಿಸಿ, ಇಲ್ಲದಿದ್ದರೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಸ್ಟೇರಿಂಗನ್ನು ತಾನೇ ತಿರುಗಿಸುವ ಮೋಟರ್ ಹಾಕುವವರು ಅದಕ್ಕೂ ಮುಂಚೆ ಮೆಕ್ಯಾನಿಕ್ ಹತ್ತಿರ ಹೋಗಿ. ಟೈ ರಾಡ್ ತುದಿ, ಮುಂದಿನ ಆಕ್ಸೆಲ್ಲಿನ ಪಿನ್ನು, ಬುಷ್ಷು ಸವೆದು ಆಟ ಆಡುತ್ತಿದ್ದರೆ ಜಿಪಿಎಸ್ ಎಷ್ಟೇ ನಿಖರವಾಗಿದ್ದರೂ ಟ್ರ್ಯಾಕ್ಟರ್ ಹಾವಿನಂತೆ ಓಡುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಟ್ರ್ಯಾಕ್ಟರಿಗೆ ಮೋಟರ್ ಹಾಕುವುದು ಬೇಡ. ಪರದೆಯ ಮೇಲಿನ ಗೆರೆ ನೋಡಿ ಕೈಯಲ್ಲೇ ಓಡಿಸಿದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ತಂತ್ರಾಂಶಕ್ಕೆ ಹಣ ಕೊಡಲೇಬೇಕೆಂದಿಲ್ಲ. ಕೆನಡಾದ ರೈತ ಬ್ರಯಾನ್ ಟಿಶ್ಲರ್ ಬರೆಯಲು ಶುರುಮಾಡಿದ 'ಆಗ್‌ಓಪನ್‌ಜಿಪಿಎಸ್' ಉಚಿತವಾಗಿದೆ, ಒಂದು ವಿಂಡೋಸ್ ಟ್ಯಾಬ್ಲೆಟ್ ಇದ್ದರೆ ಓಡುತ್ತದೆ.

ಈಗ ಪರೀಕ್ಷೆ. ಪರದೆಯಲ್ಲಿ 'ಫಿಕ್ಸ್' ಎಂದು ಬಂದಿರಬೇಕು. 'ಫ್ಲೋಟ್' ಎಂದಿದ್ದರೆ ಇನ್ನೂ ಹದಗೊಂಡಿಲ್ಲ, ಅಡಿಗಟ್ಟಲೆ ತಪ್ಪಿರಬಹುದು, ಬಿತ್ತಬೇಡಿ. ಅಂಕಿಯಲ್ಲಿ ತೋರಿಸುವ ರಿಸೀವರಿನಲ್ಲಿ 4 ಅಂದರೆ ಫಿಕ್ಸ್, 5 ಫ್ಲೋಟ್, 2 ಗಗನ್ ಮಟ್ಟದ್ದು, 1 ತಿದ್ದುಪಡಿಯೇ ಇಲ್ಲದ್ದು. ಫಿಕ್ಸ್ ಬಂದ ಮೇಲೆ ನೂರು ಮೀಟರಿನ ಒಂದು ಗೆರೆ ಹಾಕಿ, ಡ್ರಾಬಾರಿನ ನಡುವಿಗೆ ತೂಗುಗುಂಡು ಕಟ್ಟಿ, ಹೋಗುವಾಗ ಮೂರು ಕಡೆ ಗೂಟ ಹೊಡೆಯಿರಿ. ಅದೇ ಗೆರೆಯ ಮೇಲೆ ಎದುರು ದಿಕ್ಕಿನಿಂದ ಬನ್ನಿ. ಗುಂಡು ಗೂಟದಿಂದ ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಹಾದರೆ ಆಂಟೆನಾ ನಡುವಿನಿಂದ ಐದು ಸೆಂಟಿಮೀಟರ್ ಸರಿದಿದೆ ಎಂದರ್ಥ. ಆ ಅರ್ಧವನ್ನು ಸೆಟ್ಟಿಂಗಿನಲ್ಲಿ ತುಂಬಿ. ಎಲ್ಲ ಆಫ್ ಮಾಡಿ ಮನೆಗೆ ಹೋಗಿ, ಮರುದಿನ ಬೆಳಗ್ಗೆ ಮತ್ತೆ ಅದೇ ಗೆರೆ ಓಡಿಸಿ ನೋಡಿ. ಗೂಟದ ಮೇಲೇ ಬಂದರೆ ಕಂಬವೂ ಡಬ್ಬಿಯೂ ಸರಿ. ಈ ಮರುದಿನದ ಪರೀಕ್ಷೆ ಮಾಡಿ ತೋರಿಸದ ಮಾರಾಟಗಾರನಿಗೆ ಪೂರ್ತಿ ಹಣ ಕೊಡಬೇಡಿ.

ಹೊತ್ತು, ಇಳಿಜಾರು, ಬದು

ಸಂಜೆ ತಂಪಿನಲ್ಲಿ ಲೈಟು ಹಾಕಿಕೊಂಡು ಉಳುವವರು ನಮ್ಮಲ್ಲಿ ಬಹಳ. ಅವರಿಗೊಂದು ಮಾತು. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದು ಭೂಮಿಯ ಕಾಂತೀಯ ಸಮಭಾಜಕ ಅಲ್ಲಿ ಹಾದುಹೋಗುತ್ತದೆ ಎಂಬ ಕಾರಣಕ್ಕೆ. ಅದಕ್ಕೆ ನಾವೂ ಹತ್ತಿರದವರೇ. ಈ ಪಟ್ಟಿಯ ಮೇಲಿನ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ, ಸೂರ್ಯ ಮುಳುಗಿದ ಮೇಲೆ ಕುದಿಯುವ ನೀರಿನಂತೆ ಗುಳ್ಳೆ ಏಳುತ್ತದೆ. ಉಪಗ್ರಹದ ಸಂಕೇತ ಆ ಗುಳ್ಳೆಗಳ ನಡುವೆ ಮಿನುಗಿ ತುಂಡಾಗುತ್ತದೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ರಾತ್ರಿ ಏಳೂವರೆಯಿಂದ ನಡುರಾತ್ರಿವರೆಗೆ ಇದರ ಕಾಟ ಹೆಚ್ಚು. ಸೂರ್ಯನ ಹನ್ನೊಂದು ವರ್ಷದ ಚಕ್ರ ಉತ್ತುಂಗದಲ್ಲಿರುವಾಗ ಇನ್ನೂ ಜೋರು. ಆ ಹೊತ್ತಿನಲ್ಲಿ ಫಿಕ್ಸ್ ಬಂದು ಹೋಗಿ ಮಾಡಿದರೆ ಯಂತ್ರ ಕೆಟ್ಟಿತೆಂದು ಬಿಚ್ಚಬೇಡಿ. ಬೆಳಗ್ಗೆ ಸರಿಯಿರುತ್ತದೆ. ಬಿತ್ತನೆಯಂಥ ಸೂಕ್ಷ್ಮ ಕೆಲಸ ಹಗಲಿಗಿರಲಿ.

ನೀಲಗಿರಿ ತೋಪಿನ, ತೆಂಗಿನ ಸಾಲಿನ ಪಕ್ಕ ಫಿಕ್ಸ್ ಹೋಗುವುದು ಸಹಜ. ತೆರೆದ ನಡುಹೊಲದಲ್ಲಿ ಮೊದಲ ಗೆರೆ ಹಾಕಿ ಅಂಚನ್ನು ಕೊನೆಗೆ ಕೈಯಲ್ಲಿ ಮುಗಿಸಿ.

ನನಗೆ ಆತಂಕ ಇರುವುದು ಬೇರೆ ವಿಷಯದಲ್ಲಿ. ಜಿಪಿಎಸ್ ಬಂದ ಮೇಲೆ ಎಲ್ಲರಿಗೂ ಉದ್ದುದ್ದ ನೇರ ಗೆರೆಯ ಮೋಹ ಹತ್ತಿದೆ. ಹೊಲದ ಉದ್ದ ಇಳಿಜಾರಿನ ಕಡೆಗಿದ್ದರೆ ಆ ನೇರ ಸಾಲು ಮಳೆನೀರಿಗೆ ಕಾಲುವೆಯಾಗಿ ಕೆಂಪು ಮಣ್ಣನ್ನು ಕೆರೆಗೆ ಸಾಗಿಸುತ್ತದೆ. ಹೆಬ್ಬಾಳ-ಯಲಹಂಕ ನಡುವಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಜಿಕೆವಿಕೆಯಲ್ಲಿ, ಒಣಬೇಸಾಯದ ವಿಜ್ಞಾನಿಗಳು ದಶಕಗಳಿಂದ ಹೇಳುತ್ತಿರುವುದು ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿ ಎಂದೇ. ತಂತ್ರಾಂಶದಲ್ಲಿ ಬಾಗಿದ ಗೆರೆಯ ಆಯ್ಕೆಯೂ ಇದೆ. ಬದುವಿನ ಪಕ್ಕದಲ್ಲೇ ಒಮ್ಮೆ ನಿಧಾನವಾಗಿ ಓಡಿಸಿ ಆ ಬಾಗನ್ನು ಮೊದಲ ಗೆರೆಯಾಗಿ ಉಳಿಸಿಕೊಳ್ಳಿ. ಉಳಿದ ಓಟಗಳು ಅದನ್ನೇ ಅನುಸರಿಸುತ್ತವೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಜೋಡಿ ತೊಗರಿಯ ನಡುವೆ ನೀರಿಂಗಿಸುವ ಕಾಲುವೆ ತೆಗೆಯಬೇಕೆಂಬುದು ಅವರ ಇನ್ನೊಂದು ಶಿಫಾರಸು. ಬಿತ್ತಿದ ವಾರಗಳ ಮೇಲೆ ಪೈರು ತುಳಿಯದೆ ಅದೇ ಜೋಡಿಯ ನಡುವೆ ಟ್ರ್ಯಾಕ್ಟರ್ ಇಳಿಸುವುದಕ್ಕೆ ಉಳಿಸಿಟ್ಟ ಗೆರೆಗಿಂತ ಒಳ್ಳೆಯ ಸಹಾಯ ಇಲ್ಲ. ನವೆಂಬರಿನಲ್ಲಿ ಅಲ್ಲಿ ನಡೆಯುವ ಕೃಷಿಮೇಳಕ್ಕೆ ಹೋದಾಗ ಯಂತ್ರಗಳ ಮಳಿಗೆಯಲ್ಲೇ ಹೊತ್ತು ಕಳೆಯದೆ ಒಣಬೇಸಾಯದ ತಾಕಿಗೂ ಹೋಗಿ ಬನ್ನಿ.

ಬದುವಿನ ಜಗಳಕ್ಕೆ ಮಾತ್ರ ಈ ಯಂತ್ರವನ್ನು ಸಾಕ್ಷಿಗೆ ಕರೆಯಬೇಡಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಸರ್ವೆ ನಂಬರನ್ನು ತೋರಿಸುತ್ತದೆ, ಆದರೆ ಅದೂ ಮಾಹಿತಿಗಷ್ಟೆ. ಕಾನೂನು ಒಪ್ಪುವುದು ಸರ್ಕಾರಿ ಸರ್ವೇಯರ್ ಬಂದು ಮಾಡಿಕೊಟ್ಟ ಹದ್ದುಬಸ್ತನ್ನು. ಅವರ ಕೈಗೂ ಈಗ ರೋವರ್ ಬಂದಿದೆ. ನಿಮ್ಮ ಪರದೆಯ ಗೆರೆ ಪಕ್ಕದವರ ಹೊಲದೊಳಗೆ ಎರಡಡಿ ಹೋಗಿದೆ ಎಂದು ಸರ್ವೆ ಕಲ್ಲು ಕೀಳುವುದು ಅಪರಾಧ.

ತಾನೇ ತಿರುಗುವ ಸ್ಟೇರಿಂಗ್ ಇದ್ದರೂ ಸೀಟಿನಿಂದ ಇಳಿಯಬೇಡಿ. ಹಾಳುಬಾವಿ, ಮುಚ್ಚದ ಬೋರ್‌ವೆಲ್, ಹೊಲದಲ್ಲಿ ಆಡುವ ಮಕ್ಕಳು, ಇವು ಯಾವುವೂ ಉಪಗ್ರಹಕ್ಕೆ ಕಾಣುವುದಿಲ್ಲ.

ಚಿಕ್ಕಪ್ಪನ ಕಂಬ ಈಗ ಅವರ ಮನೆಯ ತಾರಸಿಯ ಮೇಲಿದೆ. ಅದರ ಮೂರು ಅಂಕಿಗಳನ್ನು ದಿನಾಂಕದ ಸಮೇತ ಪೇಂಟಿನಲ್ಲಿ ಗೋಡೆಯ ಮೇಲೆ ಬರೆಸಿದ್ದಾರೆ. ರಿಸೀವರ್ ಕೆಟ್ಟು ಬದಲಿಸಿದರೂ ಆ ಅಂಕಿ ಉಳಿಯುತ್ತದೆ. ಆ ಒಂದು ಕಂಬದಿಂದ ಹತ್ತು ಕಿಲೋಮೀಟರ್ ಸುತ್ತಲಿನ ಎಷ್ಟು ಟ್ರ್ಯಾಕ್ಟರುಗಳು ಬೇಕಾದರೂ ಏಕಕಾಲಕ್ಕೆ ತಿದ್ದುಪಡಿ ಪಡೆಯಬಹುದು, ಕಂಬಕ್ಕೆ ಹೆಚ್ಚಿನ ಖರ್ಚಿಲ್ಲ. ನಮ್ಮ ಕಡೆ ಊರೂರಿಗೂ ಹಾಲಿನ ಡೇರಿಯಿದೆ, ಅದಕ್ಕೊಂದು ತಾರಸಿ, ಕರೆಂಟು, ದಿನಾ ಬಾಗಿಲು ತೆರೆಯುವ ಒಬ್ಬ ಕಾರ್ಯದರ್ಶಿ ಇದ್ದಾರೆ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ. ಮುಂಗಾರಿಗೆ ಮುಂಚೆ ಒಂದು ಕಂಬ ನಿಲ್ಲಿಸಿ, ಅಂಕಿಯನ್ನು ಡೇರಿಯ ಗೋಡೆಯ ಮೇಲೆ ಬರೆಸಿ, ಪಕ್ಕದ ಊರಿನವರಿಗೂ ಕೊಡಿ.